ಐದು ಈಡು, ಒಂದು ತೂತು: .222 ರೈಫಲ್‌ಗೆ ತೋಟಾ ಹೊಂದಿಸಿದ ಬಗೆ

ನನ್ನ ರೈಫಲ್ ಈಚೆಗೆ ತಯಾರಾದದ್ದು, ಆದರೆ ಅದನ್ನು ಕಟ್ಟಿದ ಬಗೆ ಪೂರ್ತಿಯಾಗಿ 1950ರ ದಶಕದ್ದು. ಮೂತಿಯವರೆಗೂ ಹೆಚ್ಚು ಸಪೂರವಾಗದ ದಪ್ಪ ನಳಿಗೆ, ಮರಳು ಚೀಲದ ಮೇಲೆ ಅಲುಗಾಡದೆ ಕೂರುವಂತೆ ಮುಂಭಾಗವನ್ನು ಅಗಲವಾಗಿಯೂ ಚಪ್ಪಟೆಯಾಗಿಯೂ ಕಡೆದ ಆಕ್ರೋಟು ಮರದ ಹಿಡಿ, ಹೊರಗಿನ ಮೈಕ್ರೋಮೀಟರ್ ತಿರುಪುಗಳಿಂದ ಹೊಂದಿಸಬೇಕಾದ ಉದ್ದನೆಯ ಸ್ಕೋಪ್, .222 ರೆಮಿಂಗ್ಟನ್ ತೋಟಾಕ್ಕೆ ಕೊರೆದ ಚೇಂಬರ್ (ತೋಟಾ ಕೂರುವ ಗೂಡು), 14 ಇಂಚಿಗೆ ಒಂದು ಸುತ್ತು ಹಾಕುವ ರೈಫ್ಲಿಂಗ್ (ನಳಿಗೆಯೊಳಗಿನ ಸುರುಳಿ ಗೆರೆಗಳು). ಇಂದಿನ ಸ್ಪರ್ಧೆಗಳಲ್ಲಿ ಗೆಲ್ಲುವ ಉದ್ದೇಶ ಇಂಥ ರೈಫಲ್‌ಗೆ ಇರುವುದಿಲ್ಲ. ಆ ಕಾಲದವರು ಯಾವ ಸಲಕರಣೆಗಳಿಂದ, ಯಾವ ಕ್ರಮದಿಂದ ಐದು ಗುಂಡುಗಳನ್ನು ಒಂದೇ ತೂತಿನಲ್ಲಿ ಹಾಯಿಸುತ್ತಿದ್ದರೋ ಅದನ್ನೇ ನನ್ನ ಕೈಯಿಂದ ಮಾಡಿ ನೋಡಬೇಕೆಂಬ ಆಸೆಯಿಂದ ಇದನ್ನು ಇಟ್ಟುಕೊಂಡಿದ್ದೇನೆ. ಅದಕ್ಕೆ ಒಗ್ಗುವ ತೋಟಾವನ್ನು ಹುಡುಕುವುದಕ್ಕೆ ನನಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅದರಲ್ಲಿ ಮೊದಲ ಅರ್ಧ ವರ್ಷವನ್ನು ತಪ್ಪು ಜಾಗದಲ್ಲಿ ಹುಡುಕುತ್ತಾ ಕಳೆದೆ. ಈ ಬರಹದಲ್ಲಿ ಹೇಳಬೇಕಾದದ್ದು ಮುಖ್ಯವಾಗಿ ಅದನ್ನೇ.

.222 ರೆಮಿಂಗ್ಟನ್ 1950ರಲ್ಲಿ ಬಂದ ತೋಟಾ. ಅದನ್ನು ರೂಪಿಸಿದ ಮೈಕ್ ವಾಕರ್ ರೆಮಿಂಗ್ಟನ್ ಕಂಪನಿಯ ಎಂಜಿನಿಯರ್ ಆಗಿದ್ದುದಲ್ಲದೆ ಸ್ವತಃ ಬೆಂಚ್‌ರೆಸ್ಟ್ (ರೈಫಲನ್ನು ಬೆಂಚಿನ ಮೇಲೆ ಆನಿಸಿ, ಗುಂಡುಗಳನ್ನು ಆದಷ್ಟು ಒತ್ತಾಗಿ ಬೀಳಿಸುವ ಸ್ಪರ್ಧೆ) ಗುರಿಕಾರರೂ ಆಗಿದ್ದರು. ಅದಕ್ಕೂ ಮುಂಚೆ ಗುರಿಕಾರರು ಬೇರೆ ತೋಟಾಗಳ ಕೇಸನ್ನು (ಮದ್ದು ತುಂಬುವ ಹಿತ್ತಾಳೆಯ ಕವಚವನ್ನು) ಕತ್ತರಿಸಿ, ಒತ್ತಿ, ತಮಗೆ ಬೇಕಾದ ಆಕಾರಕ್ಕೆ ತಂದುಕೊಳ್ಳುತ್ತಿದ್ದರು. ಹಾರ್ವೆ ಡೊನಾಲ್ಡ್‌ಸನ್ ಅವರ .219 ವಾಸ್ಪ್ ಅಂಥ ಪ್ರಯತ್ನಗಳಲ್ಲಿ ಹೆಸರಾದದ್ದು. ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ, ಹಿಮ್ಮೆಟ್ಟುವಿಕೆ ಕಡಿಮೆಯಿರುವ, ಸ್ವಲ್ಪವೇ ಮದ್ದು ಬೇಡುವ .222 ಸಿಕ್ಕ ಮೇಲೆ ಆ ಕಷ್ಟ ತಪ್ಪಿತು. 1970ರ ದಶಕದ ನಡುವಿನಲ್ಲಿ ಲೂಯಿ ಪಾಮಿಸಾನೋ ಮತ್ತು ಫೆರಿಸ್ ಪಿಂಡೆಲ್ ಅವರು ತಮ್ಮ ಗಿಡ್ಡನೆಯ ಪಿಪಿಸಿ ತೋಟಾವನ್ನು ರೂಪಿಸುವವರೆಗೂ ಬೆಂಚಿನ ಮೇಲೆ .222ರದ್ದೇ ಮೇಲುಗೈ. ಹಾಗಾಗಿ ಹಳೆಯ ಮಾದರಿಯ ರೈಫಲ್‌ಗೆ ಇದಕ್ಕಿಂತ ತಕ್ಕ ತೋಟಾ ನನಗೆ ಕಾಣಲಿಲ್ಲ.

ಮುಂದಕ್ಕೆ ಹೋಗುವ ಮುನ್ನ ಒಂದು ಎಚ್ಚರಿಕೆ. ನಾನು ಎಷ್ಟು ಗ್ರೇನ್ ಮದ್ದು ಹಾಕಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಚೇಂಬರ್, ನನ್ನ ಕೇಸು, ನನ್ನ ಗುಂಡು ಇವುಗಳಿಗೆ ಸುರಕ್ಷಿತವಾದ ಅಳತೆ ಇನ್ನೊಂದು ರೈಫಲ್‌ನಲ್ಲಿ ಅಪಾಯವಾಗಬಹುದು. ಮದ್ದು ತಯಾರಿಸುವವರು ಮತ್ತು ಗುಂಡು ತಯಾರಿಸುವವರು ಪ್ರಕಟಿಸುವ ಕೈಪಿಡಿಗಳಲ್ಲಿ ಕನಿಷ್ಠ ಅಳತೆಯೂ ಗರಿಷ್ಠ ಅಳತೆಯೂ ಇರುತ್ತವೆ. ಕನಿಷ್ಠದಿಂದ ಹೊರಟು ಸ್ವಲ್ಪಸ್ವಲ್ಪವಾಗಿ ಮೇಲೇರಬೇಕು. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಹಿಡಿಕೆ ಎತ್ತುವಾಗ ಬಿಗಿಯೆನಿಸಿದರೆ, ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್ ಅಂಚಿನವರೆಗೂ ಚಪ್ಪಟೆಯಾಗಿದ್ದರೆ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿದ್ದಿದ್ದರೆ, ಕೈಪಿಡಿಯ ಗರಿಷ್ಠ ಇನ್ನೂ ದೂರವಿದ್ದರೂ ಅಲ್ಲಿಗೇ ನಿಲ್ಲಿಸಬೇಕು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಮದ್ದಿನ ಡಬ್ಬ ಇರಬೇಕು. ಇವಿಷ್ಟನ್ನು ಪಾಲಿಸದವರು ಈ ಕೆಲಸಕ್ಕೆ ಕೈ ಹಾಕಬಾರದು.

ಶುರುವಿನಲ್ಲಿ ನಾನು ಮಾಡಿದ್ದು ಬಹುತೇಕ ಎಲ್ಲರೂ ಮಾಡುವ ಕೆಲಸ. 52 ಗ್ರೇನ್ ತೂಕದ, ಚಪ್ಪಟೆ ತಳದ ಮ್ಯಾಚ್ ಗುಂಡನ್ನೂ ಆ ಕಾಲದಿಂದಲೂ .222ರ ಜೊತೆಗೆ ಹೆಸರು ಕೇಳಿಬರುವ ಐಎಂಆರ್ 4198 ಮದ್ದನ್ನೂ ಆರಿಸಿಕೊಂಡೆ. ಮದ್ದಿನ ತೂಕವನ್ನು 0.2 ಗ್ರೇನ್‌ನಷ್ಟು ಏರಿಸುತ್ತಾ, ಪ್ರತಿ ತೂಕಕ್ಕೂ ಮೂರು ಮೂರು ತೋಟಾ ಕಟ್ಟಿ, 100 ಗಜದ ಗುರಿಹಲಗೆಗೆ ಹೊಡೆದೆ. ತೂಕ ಮಾಡುವುದರಲ್ಲಿ ನಾನು ತೋರಿಸಿದ ಶ್ರದ್ಧೆ ಬಹಳ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಾನು ಅದರ ಹತ್ತನೇ ಒಂದು ಭಾಗವನ್ನೂ ಬಿಡದೆ, ಮದ್ದಿನ ಒಂದೊಂದೇ ಕಡ್ಡಿಯನ್ನು ಚಿಮಟದಿಂದ ಹಿಡಿದು ತಕ್ಕಡಿಯ ತಟ್ಟೆಗೆ ಹಾಕುತ್ತಿದ್ದೆ. ಐವತ್ತು ತೋಟಾ ಕಟ್ಟುವುದಕ್ಕೆ ಒಂದು ಸಂಜೆ ಪೂರ್ತಿ ಬೇಕಾಗುತ್ತಿತ್ತು. ಒಂದು ತೂಕದಲ್ಲಿ ಮೂರು ಗುಂಡುಗಳು ಒಂದನ್ನೊಂದು ಮುಟ್ಟಿಕೊಂಡು ಬಿದ್ದವು. ಅದೇ ನನ್ನ ತೋಟಾ ಎಂದು ತೀರ್ಮಾನಿಸಿ ಮಾರನೆಯ ವಾರ ಅದೇ ತೂಕದ ಇಪ್ಪತ್ತು ತೋಟಾ ಹೊಡೆದರೆ ಗುಂಪು (ಹಲಗೆಯ ಮೇಲೆ ಬಿದ್ದ ತೂತುಗಳಲ್ಲಿ ಅತಿ ದೂರದ ಎರಡರ ನಡುವಿನ ಅಂತರವೇ ಅದರ ಅಗಲ) ಎರಡು ಪಟ್ಟು ಅಗಲವಾಗಿತ್ತು. ಆಗ ಬೇರೆ ತೂಕ, ಮತ್ತೆ ಮೂರು ಈಡು, ಮತ್ತೆ ಸಂತೋಷ, ಮತ್ತೆ ನಿರಾಶೆ. ಹೀಗೆ ನಾಲ್ಕು ಸಲ ನಡೆಯಿತು.

ಐದನೆಯ ಸಲ ಒಂದು ಕೆಲಸ ಮಾಡಿದೆ. ಒಂದೇ ತೂಕದ, ಎಲ್ಲ ರೀತಿಯಲ್ಲೂ ಒಂದೇ ಆದ ಮೂವತ್ತಾರು ತೋಟಾ ಕಟ್ಟಿ, ಅವನ್ನು ಬೇರೆ ಬೇರೆ ತೂಕದವು ಎಂಬಂತೆ ಮೂರು ಮೂರರ ಹನ್ನೆರಡು ಗುಂಪುಗಳಾಗಿ ಹೊಡೆದೆ. ಅತಿ ಚಿಕ್ಕ ಗುಂಪು 0.21 ಇಂಚು, ಅತಿ ದೊಡ್ಡದು 0.68 ಇಂಚು. ಈ ಹನ್ನೆರಡು ಕಾಗದಗಳ ಮೇಲೆ ಹನ್ನೆರಡು ಬೇರೆ ತೂಕಗಳನ್ನು ಬರೆದು ಯಾರಿಗಾದರೂ ಕೊಟ್ಟಿದ್ದರೆ, ಅವರು ನಿಸ್ಸಂದೇಹವಾಗಿ 0.21 ಇಂಚಿನದನ್ನು ಎತ್ತಿಕೊಂಡು ಇದೇ ಸರಿಯಾದ ತೂಕ ಎನ್ನುತ್ತಿದ್ದರು. ನಾನು ನಾಲ್ಕು ಸಲ ಮಾಡಿದ್ದು ಅದನ್ನೇ.

ಇದರ ಹಿಂದೆ ಸರಳವಾದ ಲೆಕ್ಕವಿದೆ. ಗುಂಡುಗಳು ಒಂದು ಮಧ್ಯಬಿಂದುವಿನ ಸುತ್ತ ಎಲ್ಲ ದಿಕ್ಕಿಗೂ ಸಮನಾಗಿ ಚದುರುತ್ತವೆ ಎಂದುಕೊಂಡು, ಆ ಚದುರುವಿಕೆಯ ಮೂಲಮಾನವನ್ನು ಒಂದು ಎಂದು ಹಿಡಿದರೆ, ಮೂರು ಈಡಿನ ಗುಂಪಿನ ಅಗಲ ಸರಾಸರಿಯಾಗಿ 2.4ರಷ್ಟು, ಐದು ಈಡಿನದು 3.1ರ ಹತ್ತಿರ, ಹತ್ತು ಈಡಿನದು 3.8ರಷ್ಟು ಇರುತ್ತದೆ. ಈಡು ಹೆಚ್ಚಿದಂತೆ ಗುಂಪು ಅಗಲವಾಗುವುದು ರೈಫಲ್ ಕೆಟ್ಟಿತೆಂದಲ್ಲ, ಮೂರೇ ಈಡಿಗೆ ಅದರ ಪೂರ್ತಿ ಅಗಲ ಕಾಣಿಸಿಕೊಂಡಿರುವುದಿಲ್ಲ, ಅಷ್ಟೆ. ಅದಕ್ಕಿಂತ ಮುಖ್ಯವಾದದ್ದು ಏರುಪೇರು. ಮೂರು ಈಡಿನ ಗುಂಪು ತನ್ನ ಸರಾಸರಿಯಿಂದ ಆಚೀಚೆ ಹೋಗುವ ಪ್ರಮಾಣ ಶೇಕಡಾ 37ರ ಆಸುಪಾಸು, ಐದು ಈಡಿನದಕ್ಕೆ ಶೇಕಡಾ 27ರಷ್ಟು, ಹತ್ತರದಕ್ಕೆ ಶೇಕಡಾ 20ರಷ್ಟು. ಹೀಗಿರುವಾಗ ಒಂದೇ ತೋಟಾದ ಹನ್ನೆರಡು ಗುಂಪುಗಳಲ್ಲಿ ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ಮೂರು ಪಟ್ಟು ಅಂತರ ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಳೆಯ ಸ್ಪರ್ಧೆಗಳಲ್ಲಿ ಹತ್ತು ಈಡಿನ ಗುಂಪುಗಳನ್ನು ಹೊಡೆಸುತ್ತಿದ್ದುದು, ಐದು ಗುಂಪುಗಳ ಸರಾಸರಿಯನ್ನೇ ಫಲಿತಾಂಶವೆಂದು ಹಿಡಿಯುವ ಪದ್ಧತಿ ಇಂದಿಗೂ ಉಳಿದಿರುವುದು ಇವೆಲ್ಲ ಎಷ್ಟು ವಿವೇಕದ ಏರ್ಪಾಡುಗಳೆಂಬುದು ನನಗೆ ಆ ಮೂವತ್ತಾರು ಈಡುಗಳ ನಂತರವೇ ಸರಿಯಾಗಿ ಅರ್ಥವಾಯಿತು.

ಮದ್ದಿನ ತೂಕದ ವಿಷಯದಲ್ಲೂ ಲೆಕ್ಕ ಹಾಕಿ ನೋಡಿದೆ. ಈ ತೋಟಾದಲ್ಲಿ ಗುಂಡು ಸೆಕೆಂಡಿಗೆ ಸುಮಾರು 3100 ಅಡಿ ವೇಗದಲ್ಲಿ ಹೊರಡುತ್ತದೆ ಮತ್ತು 100 ಗಜವನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಕಾಲದಲ್ಲಿ ದಾಟುತ್ತದೆ. ಅಷ್ಟು ಹೊತ್ತಿನಲ್ಲಿ ಅದು ನಳಿಗೆಯ ನೇರದಿಂದ ಕೆಳಗಿಳಿಯುವುದು ಸುಮಾರು ಎರಡು ಇಂಚು. ವೇಗದಲ್ಲಿ ನೂರಕ್ಕೊಂದು ಭಾಗ, ಅಂದರೆ 30 ಅಡಿಯಷ್ಟು ವ್ಯತ್ಯಾಸವಾದರೆ ಈ ಇಳಿತದಲ್ಲಿ ನೂರಕ್ಕೆ ಎರಡು ಭಾಗ ವ್ಯತ್ಯಾಸವಾಗುತ್ತದೆ, ಅದು ಇಂಚಿನ ನೂರರಲ್ಲಿ ನಾಲ್ಕು ಭಾಗ. ಮದ್ದಿನಲ್ಲಿ 0.1 ಗ್ರೇನ್ ಹೆಚ್ಚುಕಡಿಮೆಯಾದರೆ ನನ್ನ ರೈಫಲ್‌ನಲ್ಲಿ ವೇಗ ಬದಲಾಗುವುದು ಸುಮಾರು 15 ಅಡಿ, ಹಲಗೆಯ ಮೇಲೆ ಅದರ ಪರಿಣಾಮ ಇಂಚಿನ ನೂರರಲ್ಲಿ ಎರಡು ಭಾಗ. ನಾನು ಒಂದೊಂದೇ ಕಡ್ಡಿ ಮದ್ದನ್ನು ಚಿಮಟದಿಂದ ಎತ್ತಿ ಉಳಿಸಿಕೊಂಡದ್ದು ಇಷ್ಟನ್ನು ಮಾತ್ರ. 200 ಗಜಕ್ಕೆ ಹೋದರೆ ಮಾತು ಬೇರೆ. ಅಲ್ಲಿ ಅದೇ 30 ಅಡಿಯ ವ್ಯತ್ಯಾಸ ಇಂಚಿನ ಐದನೇ ಒಂದು ಭಾಗದ ಹತ್ತಿರ ಬರುತ್ತದೆ, ಆಗ ತೂಕಕ್ಕೆ ಬೆಲೆ ಬರುತ್ತದೆ.

ಹಳಬರು ಇದನ್ನು ಅನುಭವದಿಂದ ತಿಳಿದಿದ್ದರು. ಅವರಲ್ಲಿ ಹೆಚ್ಚಿನವರು ಸ್ಪರ್ಧೆಯ ಜಾಗದಲ್ಲೇ, ಈಡು ಹೊಡೆಯುವ ಬೆಂಚಿನ ಪಕ್ಕದ ಮೇಜಿನ ಮೇಲೆ, ಮದ್ದನ್ನು ತೂಗದೆ ಅಳೆದು ಸುರಿಯುತ್ತಿದ್ದರು. ಹೋಮರ್ ಕಲ್ವರ್ ಅವರು ಲೈಮನ್ ಕಂಪನಿಯ 55ನೇ ಮಾದರಿಯ ಮದ್ದಳೆಯುವ ಯಂತ್ರಕ್ಕೆ ಕ್ಲಿಕ್ ಎಂದು ಲೆಕ್ಕಕ್ಕೆ ಸಿಗುವ ತಿರುಪನ್ನು ಅಳವಡಿಸಿದ ಮೇಲೆ, "ಇಂತಿಷ್ಟು ಕ್ಲಿಕ್" ಎಂದು ಮದ್ದಿನ ಅಳತೆ ಹೇಳುವುದೇ ಬೆಂಚ್‌ರೆಸ್ಟ್ ಗುರಿಕಾರರ ಮಾತಿನ ರೂಢಿಯಾಯಿತು. ನಾನು ಈಗ ಹಾಗೆಯೇ ಮಾಡುತ್ತೇನೆ. ಐಎಂಆರ್ 4198 ಉದ್ದ ಕಡ್ಡಿಗಳ ಮದ್ದಾದ್ದರಿಂದ ಯಂತ್ರದ ಉರುಳೆ ತಿರುಗುವಾಗ ಅಂಚಿಗೆ ಸಿಕ್ಕ ಕಡ್ಡಿ ಕಚಕ್ಕೆಂದು ತುಂಡಾಗುವುದು ಕೈಗೆ ತಿಳಿಯುತ್ತದೆ. ಆ ಸಲದ ಮದ್ದನ್ನು ಕೇಸಿಗೆ ಹಾಕದೆ ಡಬ್ಬಕ್ಕೆ ವಾಪಸು ಸುರಿಯುತ್ತೇನೆ. ಹಿಡಿಕೆಯನ್ನು ಪ್ರತಿ ಸಲವೂ ಒಂದೇ ವೇಗದಲ್ಲಿ ಎತ್ತಿ, ಮೇಲೆ ಒಂದು ಕ್ಷಣ ನಿಲ್ಲಿಸಿ, ಒಂದೇ ವೇಗದಲ್ಲಿ ಇಳಿಸಿದರೆ ಹತ್ತರಲ್ಲಿ ಒಂಬತ್ತು ಸಲ 0.1 ಗ್ರೇನ್‌ನ ಒಳಗೇ ಬೀಳುತ್ತದೆ.

ಹಾಗಾದರೆ ಗುಂಪು ಅಗಲವಾಗುವುದು ಎಲ್ಲಿಂದ? ನನ್ನ ಅನುಭವದಲ್ಲಿ ಮೊದಲ ಉತ್ತರ ಗಾಳಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಈ ಗುಂಡನ್ನು 100 ಗಜದಲ್ಲಿ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚೇ ಪಕ್ಕಕ್ಕೆ ತಳ್ಳುತ್ತದೆ. ಕೆನ್ನೆಗೆ ತಾಕಿದ್ದೂ ಗೊತ್ತಾಗದ ಗಂಟೆಗೊಂದು ಮೈಲಿಯ ಗಾಳಿ ಇಂಚಿನ ಹತ್ತನೇ ಒಂದು ಭಾಗ ತಳ್ಳುತ್ತದೆ. ಎರಡು ಮದ್ದಿನ ತೂಕಗಳ ನಡುವೆ ನಾನು ಹುಡುಕುತ್ತಿದ್ದ ವ್ಯತ್ಯಾಸಕ್ಕಿಂತ ಇದು ದೊಡ್ಡದು. ಹಲಗೆಯವರೆಗಿನ ದಾರಿಯಲ್ಲಿ ಮೂರು ಕಡೆ ಹಗುರವಾದ ಗಾಳಿ ಬಾವುಟಗಳನ್ನು ನೆಟ್ಟು, ಮೂರೂ ಒಂದೇ ಕಡೆಗೆ ಒಂದೇ ಕೋನದಲ್ಲಿ ನಿಂತಾಗ ಮಾತ್ರ ಕುದುರೆ (ಟ್ರಿಗರ್) ಎಳೆಯುವುದೆಂದು ನಿಯಮ ಮಾಡಿಕೊಂಡೆ. ಅದೊಂದರಿಂದಲೇ ಗುಂಪುಗಳ ಸರಾಸರಿ ಅಗಲ ಕಾಲು ಭಾಗದಷ್ಟು ಇಳಿಯಿತು. ತೋಟಾದಲ್ಲಿ ಆಗಿನ್ನೂ ಏನನ್ನೂ ಬದಲಿಸಿರಲಿಲ್ಲ. ಬಾವುಟಗಳಿಲ್ಲದೆ ತೋಟಾ ಪರೀಕ್ಷಿಸುವುದು ಮದ್ದಿನ ದಂಡ, ನಳಿಗೆಯ ದಂಡ ಎಂದು ಈಗ ಖಂಡಿತವಾಗಿ ಹೇಳುತ್ತೇನೆ.

ಎರಡನೆಯ ಉತ್ತರ ಹೊಳೆಯುವುದಕ್ಕೆ ಇನ್ನೂ ಎರಡು ತಿಂಗಳು ಬೇಕಾಯಿತು. ಗಾಳಿ ನಿಂತ ಬೆಳಗುಗಳಲ್ಲೂ ಗುಂಡುಗಳು ಆಗಾಗ ಒಂದರ ಮೇಲೊಂದು ಸಾಲುಗಟ್ಟಿ, ಮೇಲಿಂದ ಕೆಳಕ್ಕೆ ಅರ್ಧ ಇಂಚಿನ ಕಂಬದಂತೆ ಬೀಳುತ್ತಿದ್ದವು. ಮೇಲೆ ಕೆಳಗೆ ಚದುರಿದರೆ ಮದ್ದು ಅಥವಾ ಪ್ರೈಮರ್ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಪ್ರೈಮರ್ ಬದಲಿಸಿದೆ, ಮದ್ದಿನ ಹೊಸ ಡಬ್ಬ ತೆರೆದೆ, ಫೈರಿಂಗ್ ಪಿನ್ನಿನ ಸ್ಪ್ರಿಂಗನ್ನೂ ಹೊಸದಾಗಿ ಹಾಕಿದೆ. ದೋಷ ಇದ್ದದ್ದು ಸ್ಕೋಪಿನಲ್ಲಿ. ಹಳೆಯ ಮಾದರಿಯ ಈ ಉದ್ದನೆಯ ಸ್ಕೋಪ್ ರೈಫಲ್‌ಗೆ ಗಟ್ಟಿಯಾಗಿ ಬಿಗಿದಿರುವುದಿಲ್ಲ. ಈಡು ಹಾರಿದಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಸ್ಕೋಪಿನ ಕೊಳವೆ ತನ್ನ ಭಾರದಿಂದ ಇದ್ದಲ್ಲೇ ಉಳಿದು ಉಂಗುರಗಳಲ್ಲಿ ಜಾರುತ್ತದೆ. ಪ್ರತಿ ಈಡಿನ ನಂತರವೂ ಅದನ್ನು ಕೈಯಿಂದ ಹಿಂದಕ್ಕೆ ಎಳೆದು ಮೊದಲಿನ ಜಾಗಕ್ಕೆ ಕೂರಿಸಬೇಕು. ಫೆಕರ್, ಉನರ್ಟಲ್ ಮುಂತಾದವರ ಸ್ಕೋಪುಗಳನ್ನು ಬಳಸುತ್ತಿದ್ದವರಿಗೆ ಇದು ಉಸಿರಾಟದಷ್ಟು ಸಹಜವಾದ ಅಭ್ಯಾಸವಾಗಿತ್ತು. ನಾನೂ ಎಳೆಯುತ್ತಿದ್ದೆ. ಆದರೆ ಕೆಲವು ಸಲ ನೇರವಾಗಿ ಹಿಂದಕ್ಕೆ, ಕೆಲವು ಸಲ ಹೆಬ್ಬೆರಳಿನಿಂದ ಸ್ವಲ್ಪ ಮೇಲಕ್ಕೆತ್ತಿ. ಉಂಗುರದ ಸ್ಪ್ರಿಂಗಿನ ಕಡೆಗೆ ಕೂದಲೆಳೆಯಷ್ಟು ಎತ್ತಿದ ಕೊಳವೆ ಎರಡು ಈಡಿನವರೆಗೂ ಪೂರ್ತಿ ಇಳಿದು ಕೂರುತ್ತಿರಲಿಲ್ಲ. ಎರಡು ಉಂಗುರಗಳ ನಡುವಿನ ಅಂತರ 7.2 ಇಂಚು ಮಾತ್ರ ಇರುವಾಗ ಹಿಂದಿನ ಉಂಗುರದಲ್ಲಿ ಇಂಚಿನ ಸಾವಿರದ ಒಂದು ಭಾಗ ಏರಿದರೆ 100 ಗಜದ ಹಲಗೆಯ ಮೇಲೆ ಅದು ಅರ್ಧ ಇಂಚಾಗುತ್ತದೆ. ನನ್ನ ಕಂಬದ ಎತ್ತರವೂ ಅಷ್ಟೇ. ಅಂದಿನಿಂದ ಎರಡು ಬೆರಳುಗಳಲ್ಲಿ ಕೊಳವೆಯ ಎರಡೂ ಬದಿಯನ್ನು ಹಿಡಿದು, ನೇರವಾಗಿ ಎಳೆದು, ಸ್ವಲ್ಪವೇ ಬಲಕ್ಕೆ ತಿರುಗಿಸಿ ತಡೆಗೆ ತಾಗಿಸಿ ಬಿಡುತ್ತೇನೆ. ಕಂಬ ಮತ್ತೆ ಕಾಣಿಸಿಕೊಂಡಿಲ್ಲ.

ಇಷ್ಟು ಸರಿಯಾದ ಮೇಲೆ ತೋಟಾದ ಕೆಲಸ ನಿಜವಾಗಿ ಶುರುವಾಯಿತು, ಅದೂ ಮದ್ದಿನಿಂದಲ್ಲ, ಕೇಸಿನ ಕತ್ತಿನಿಂದ.

ಒಂದೇ ಲಾಟಿನ ಐವತ್ತು ಕೇಸುಗಳನ್ನು ತೆಗೆದುಕೊಂಡು ಕತ್ತಿನ ಗೋಡೆಯ ದಪ್ಪವನ್ನು ನಾಲ್ಕು ಕಡೆ ಅಳೆದಾಗ, ಒಂದೇ ಕತ್ತಿನಲ್ಲಿ ಒಂದು ಬದಿಗೂ ಎದುರು ಬದಿಗೂ ಇಂಚಿನ ಸಾವಿರದ ಒಂದೂವರೆ ಭಾಗದವರೆಗೆ ವ್ಯತ್ಯಾಸವಿರುವ ಕೇಸುಗಳು ಹಲವು ಸಿಕ್ಕವು. ದಪ್ಪ ಬದಿ ಗುಂಡನ್ನು ಒಂದು ಕಡೆಗೆ ಒತ್ತಿಡುತ್ತದೆ, ಆಗ ಗುಂಡು ನಳಿಗೆಯ ನಡುಗೆರೆಗೆ ಸರಿಯಾಗಿ ಎದುರಾಗದೆ ಸ್ವಲ್ಪ ಓರೆಯಾಗಿ ರೈಫ್ಲಿಂಗ್ ಹೊಕ್ಕುತ್ತದೆ. ಆದ್ದರಿಂದ ಕತ್ತಿನ ಹೊರಮೈಯನ್ನು ಕೈಯಿಂದ ತಿರುಗಿಸುವ ಸಣ್ಣ ಕತ್ತರಿಸುವ ಉಪಕರಣದಲ್ಲಿ ಹೆರೆದು ಸಮಮಾಡಬೇಕು. ಹಿತ್ತಾಳೆಯ ಪುಡಿ ಮೊದಲು ಒಂದೇ ಬದಿಯಿಂದ ಎದ್ದು, ಆಮೇಲೆ ಸುತ್ತಲೂ ಸಮನಾಗಿ ಏಳುವುದನ್ನು ನೋಡುತ್ತಿದ್ದರೆ ಆ ಕೇಸು ಎಷ್ಟು ಓರೆಯಾಗಿತ್ತೆಂಬುದು ಕಣ್ಣಿಗೇ ಕಾಣುತ್ತದೆ. ನನ್ನ ಚೇಂಬರಿನ ಕತ್ತು ಬಿಗಿಯಾಗಿದೆ. ಗುಂಡು ಕೂರಿಸಿದ ಮೇಲೆ ತೋಟಾದ ಕತ್ತಿಗೂ ಚೇಂಬರಿಗೂ ನಡುವೆ ಒಟ್ಟು 0.002 ಇಂಚು ಎಡೆ ಉಳಿಯುವಂತೆ ಹೆರೆದೆ. ಈ ಎಡೆ ಪೂರ್ತಿ ಇಲ್ಲವಾದರೆ ಕತ್ತು ಹಿಗ್ಗಿ ಗುಂಡನ್ನು ಬಿಡಲಾರದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಹೀಗಾಗಿ ಪ್ರತಿ ತೋಟಾವನ್ನೂ ಅಳೆದೇ ಪೆಟ್ಟಿಗೆಗೆ ಹಾಕುತ್ತೇನೆ. ಕೇಸಿನ ಉದ್ದ 1.700 ಇಂಚನ್ನು ಮೀರಬಾರದು, ಉದ್ದವಾದ ಕತ್ತು ಚೇಂಬರಿನ ಅಂಚಿಗೆ ತಾಗಿದರೂ ಅದೇ ಅಪಾಯ.

ಒಮ್ಮೆ ಹೊಡೆದ ಕೇಸು ಚೇಂಬರಿನ ಅಚ್ಚನ್ನೇ ತಾಳಿರುತ್ತದೆ, ಅದರ ಕತ್ತನ್ನು ಮಾತ್ರ ಒತ್ತಿ ಗುಂಡನ್ನು ಹಿಡಿಯುವಷ್ಟು ಬಿಗಿ ಮಾಡಿದರೆ ಸಾಕೆಂಬುದು ಹಳಬರ ಪದ್ಧತಿ. ಎಲ್. ಇ. ವಿಲ್ಸನ್ ಕಂಪನಿಯ ಕೈಡೈಗಳು (ಕೈಯಲ್ಲೇ ಬಳಸುವ ಉಕ್ಕಿನ ಅಚ್ಚುಗಳು) ಇದಕ್ಕೆಂದೇ ಇರುವವು. ಉಕ್ಕಿನ ನೇರ ಕೊಳವೆಯೊಳಗೆ ಕೇಸೂ ಗುಂಡೂ ಎರಡೂ ಅಲುಗದಂತೆ ಕುಳಿತಿರುತ್ತವೆ, ಮೇಲಿನ ದಂಡವನ್ನು ಸಣ್ಣ ಒತ್ತುಯಂತ್ರದಿಂದ ಅದುಮಿದರೆ ಗುಂಡು ನೇರವಾಗಿ ಇಳಿಯುತ್ತದೆ. ನನಗೆ ಈ ಕೆಲಸ ಬಹಳ ಪ್ರಿಯ. ಗುಂಡು ಕತ್ತಿನೊಳಗೆ ಇಳಿಯುವಾಗ ಅಂಗೈಗೆ ತಿಳಿಯುವ ಪ್ರತಿರೋಧ ಐವತ್ತು ತೋಟಾಗಳಲ್ಲೂ ಒಂದೇ ಆಗಿರಬೇಕು. ಯಾವುದಾದರೂ ಒಂದು ಬೆಣ್ಣೆಗೆ ಇಳಿದಂತೆ ಇಳಿದರೆ ಅಥವಾ ಕರಕರ ಎಂದರೆ ಅದನ್ನು ಬೇರೆ ಇಡುತ್ತೇನೆ, ನಳಿಗೆ ಬೆಚ್ಚಗಾಗಿಸುವ ಮೊದಲ ಈಡುಗಳಿಗೆ ಅದು ಬಳಕೆಯಾಗುತ್ತದೆ. ಕತ್ತನ್ನು ಮಾತ್ರ ಒತ್ತುತ್ತಾ ಹೋದರೆ ಆರೇಳು ಸಲದ ನಂತರ ಕೇಸಿನ ಭುಜ ಹಿಗ್ಗಿ ಬೋಲ್ಟ್ ಮುಚ್ಚುವಾಗ ಬಿಗಿಯಾಗುತ್ತದೆ. ಬೋಲ್ಟನ್ನು ಬಲವಂತವಾಗಿ ಮುಚ್ಚಿದರೆ ರೈಫಲ್ ಮರಳು ಚೀಲದ ಮೇಲೆ ಕದಲುತ್ತದೆ, ಆಗ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಹಳಬರ ಪದ್ಧತಿಯಿಂದ ಸ್ವಲ್ಪ ಸರಿದು, ಬಿಗಿ ಕಂಡ ಕೂಡಲೇ ಭುಜವನ್ನು ಇಂಚಿನ ಸಾವಿರದ ಒಂದು ಭಾಗದಷ್ಟು ಹಿಂದಕ್ಕೆ ಒತ್ತುತ್ತೇನೆ.

ಇನ್ನು ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕೆಂಬುದು. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಮದ್ದಾಗಲಿ ಪ್ರೈಮರ್ ಆಗಲಿ ಇಲ್ಲದ ಖಾಲಿ ಕೇಸಿಗೆ ಗುಂಡನ್ನು ಬೇಕೆಂದೇ ಉದ್ದವಾಗಿ ಕೂರಿಸಿ, ಗುಂಡಿನ ಮೈಗೆ ಮೊಂಬತ್ತಿಯ ಮಸಿ ಹಿಡಿಸಿ, ಚೇಂಬರಿಗೆ ಹಾಕಿ ಬೋಲ್ಟ್ ಮುಚ್ಚಿ ತೆಗೆದರೆ, ರೈಫ್ಲಿಂಗಿನ ಏಣುಗಳು ತಾಗಿದ ಕಡೆ ಮಸಿ ಅಳಿಸಿ ತಾಮ್ರ ಹೊಳೆಯುತ್ತದೆ. ಗುಂಡನ್ನು ಸ್ವಲ್ಪಸ್ವಲ್ಪವೇ ಒಳಕ್ಕೆ ಒತ್ತುತ್ತಾ ಬಂದಂತೆ ಆ ಗುರುತುಗಳು ಉದ್ದದಿಂದ ಗಿಡ್ಡವಾಗುತ್ತವೆ. ಗುರುತಿನ ಉದ್ದವೂ ಅಗಲವೂ ಸಮನಾಗಿ ಪುಟ್ಟ ಚೌಕದಂತೆ ಕಂಡ ಜಾಗವನ್ನು ಬೆಂಚ್‌ರೆಸ್ಟ್‌ನವರು ಒಳ್ಳೆಯ ಆರಂಭವೆಂದು ಹೇಳುತ್ತಾರೆ. ಒಂದು ಗುರುತು ಉದ್ದವಾಗಿ, ಎದುರಿನದು ಮಸುಕಾಗಿ ಕಂಡರೆ ಗುಂಡು ಓರೆಯಾಗಿ ಕುಳಿತಿದೆ ಎಂದರ್ಥ. ಕತ್ತು ಹೆರೆಯುವ ಮುನ್ನ ನನ್ನ ಗುಂಡುಗಳ ಮೇಲೆ ಅಂಥ ಗುರುತುಗಳೇ ಬೀಳುತ್ತಿದ್ದವು. ಹೆರೆದ ನಂತರ ಸುತ್ತಲೂ ಒಂದೇ ಅಳತೆಯ ಚೌಕಗಳು. ಭೂತಗನ್ನಡಿ ಹಿಡಿದು ಆ ಗುಂಡನ್ನು ಬಹಳ ಹೊತ್ತು ನೋಡಿದ್ದು ನೆನಪಿದೆ.

ಚೌಕದ ಜಾಗದಿಂದ ಹೊರಟು, ಒಂದೊಂದು ಸಲಕ್ಕೆ 0.003 ಇಂಚು ಒಳಕ್ಕೆ ಸರಿಸುತ್ತಾ, ಪ್ರತಿ ಆಳಕ್ಕೂ ಐದು ಈಡಿನ ಎರಡು ಗುಂಪು ಹೊಡೆದೆ. ಗುಂಡು ರೈಫ್ಲಿಂಗಿಗೆ ತಾಗಿ ಕುಳಿತಾಗ ಒತ್ತಡ ಹೆಚ್ಚುವುದರಿಂದ, ಈ ಪರೀಕ್ಷೆಯನ್ನು ಮದ್ದಿನ ಕಡಿಮೆ ಅಳತೆಯಲ್ಲೇ ಮಾಡಬೇಕು. ಇದೇ ಹಂತದಲ್ಲಿ ಒಂದು ಅಚಾತುರ್ಯವೂ ಆಯಿತು. ಗಾಳಿ ಬದಲಾಯಿತೆಂದು ಈಡು ಹೊಡೆಯದೆ ಬೋಲ್ಟ್ ತೆರೆದೆ. ರೈಫ್ಲಿಂಗಿನಲ್ಲಿ ಕಚ್ಚಿಕೊಂಡಿದ್ದ ಗುಂಡು ಅಲ್ಲೇ ಉಳಿದು ಕೇಸು ಮಾತ್ರ ಹೊರಬಂತು, ಮದ್ದು ಚೇಂಬರಿನಲ್ಲೂ ಕುದುರೆಯ ಯಂತ್ರದೊಳಗೂ ಚೆಲ್ಲಿಹೋಯಿತು. ಮೂತಿಯ ಕಡೆಯಿಂದ ಕಡ್ಡಿಯಲ್ಲಿ ಮೆಲ್ಲನೆ ತಳ್ಳಿ ಗುಂಡನ್ನು ಹೊರತೆಗೆದು, ಪ್ರತಿಯೊಂದು ಭಾಗವನ್ನೂ ಬಿಚ್ಚಿ ಮದ್ದಿನ ಕಡ್ಡಿಗಳನ್ನು ಆರಿಸಿ ತೆಗೆಯುವಷ್ಟರಲ್ಲಿ ಆ ದಿನ ಮುಗಿದಿತ್ತು. ಗುಂಡು ತಾಗಿ ಕುಳಿತಿರುವ ತೋಟಾವನ್ನು ಚೇಂಬರಿಗೆ ಹಾಕುವುದು ಹೊಡೆಯುವ ನಿರ್ಧಾರವಾದ ಮೇಲೆಯೇ ಎಂಬುದನ್ನು ಅಂದು ಕಲಿತೆ. ತೆಗೆಯಲೇಬೇಕಾದರೆ ನಳಿಗೆಯ ಮೂತಿಯನ್ನು ಮೇಲಕ್ಕೆತ್ತಿ ಬೋಲ್ಟನ್ನು ನಿಧಾನವಾಗಿ ಎಳೆಯಬೇಕು, ಆಗ ಮದ್ದು ಕೇಸಿನಲ್ಲೇ ಉಳಿಯುತ್ತದೆ.

ಚೌಕದ ಜಾಗಕ್ಕಿಂತ 0.006 ಇಂಚು ಒಳಗೆ ಗುಂಪುಗಳು ಚಿಕ್ಕದಾದವು. ಮೂರು ಬೇರೆ ಬೇರೆ ಬೆಳಗುಗಳಲ್ಲಿ ಮತ್ತೆ ಹೊಡೆದಾಗಲೂ ಅವು ಚಿಕ್ಕದಾಗಿಯೇ ಉಳಿದವು. 0.003ರಲ್ಲಿ ಹಿಂದೆಮುಂದೆ ಸರಿಸಿದರೂ ದೊಡ್ಡ ಬದಲಾವಣೆ ಕಾಣಲಿಲ್ಲ, 0.009ನ್ನೂ ದಾಟಿ ಒಳಕ್ಕೆ ಹೋದಾಗ ಮಾತ್ರ ಸ್ಪಷ್ಟವಾಗಿ ಅಗಲವಾದವು. ಆಳವನ್ನು ಹೀಗೆ ಹಿಡಿದುಕೊಂಡ ಮೇಲೆಯೇ ಮದ್ದಿನ ಕಡೆಗೆ ಮರಳಿದೆ. ಕ್ರೇಟನ್ ಆಡೆಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಏಣಿ ಪರೀಕ್ಷೆಯಲ್ಲಿ ಮದ್ದನ್ನು ಏರಿಸುತ್ತಾ ಒಂದೊಂದೇ ಈಡನ್ನು ದೂರದ ಹಲಗೆಗೆ ಹೊಡೆದು, ಯಾವ ತೂಕಗಳ ಗುಂಡುಗಳು ಒಂದೇ ಎತ್ತರದಲ್ಲಿ ಬೀಳುತ್ತವೆಂದು ನೋಡುತ್ತಾರೆ. ದೂರದ ಗುರಿಗೆ ಅದು ಅರ್ಥವುಳ್ಳ ವಿಧಾನ. 100 ಗಜದಲ್ಲಿ ಒಂದೊಂದೇ ಈಡಿನಿಂದ ಅಷ್ಟು ಸೂಕ್ಷ್ಮ ವ್ಯತ್ಯಾಸ ಕಾಣುವುದಿಲ್ಲವೆಂಬುದು ನನ್ನ ಅಭಿಪ್ರಾಯ. ನಾನು ಮೂರೇ ತೂಕಗಳನ್ನು ಆರಿಸಿ, ಪ್ರತಿಯೊಂದಕ್ಕೂ ಐದು ಈಡಿನ ಐದು ಗುಂಪು ಹೊಡೆದೆ, ಅದೂ ಒಂದರ ನಂತರ ಒಂದು ತೂಕವನ್ನು ಸರದಿಯಲ್ಲಿ, ನಳಿಗೆಯ ಬಿಸಿ, ಬೆಳಕು, ದಣಿವು ಮೂರಕ್ಕೂ ಸಮನಾಗಿ ಹಂಚಿಹೋಗುವಂತೆ. ಮೂರೂ ತೂಕಗಳ ಸರಾಸರಿ ಒಂದಕ್ಕೊಂದು ಬಹಳ ಹತ್ತಿರ ಬಂದವು. ಹಾಗಾಗಿ ನಡುವಿನದನ್ನು ಇಟ್ಟುಕೊಂಡೆ. ಬಿಸಿಲೇರಿದ ದಿನ ಒತ್ತಡ ಸ್ವಲ್ಪ ಏರಿದರೂ ಗರಿಷ್ಠಕ್ಕೆ ಸಾಕಷ್ಟು ಕೆಳಗೇ ಉಳಿಯುತ್ತದೆಂಬುದು ಅದನ್ನು ಆರಿಸಿದ್ದಕ್ಕೆ ಕಾರಣ.

ಈ ಹುಡುಕಾಟ ಎಷ್ಟು ಹಳೆಯದೆಂಬುದನ್ನು ನೆನೆದಾಗ ನನಗೆ ಸಿ. ಡಬ್ಲ್ಯು. ರೋಲ್ಯಾಂಡ್ ಅವರ ಗುಂಪು ಕಣ್ಮುಂದೆ ಬರುತ್ತದೆ. ಹ್ಯಾರಿ ಪೋಪ್ ಮಾಡಿದ ನಳಿಗೆಯಲ್ಲಿ, ಸೀಸದ ಗುಂಡಿನಿಂದ, 1901ರ ಮೇ 16ರಂದು, 200 ಗಜದಲ್ಲಿ ಹತ್ತು ಈಡು, 0.725 ಇಂಚು. ಪೋಪ್ ಪದ್ಧತಿಯಲ್ಲಿ ಗುಂಡನ್ನು ಮೂತಿಯಿಂದ ಇಳಿಸಿ, ಮದ್ದು ತುಂಬಿದ ಕೇಸನ್ನು ಹಿಂದಿನಿಂದ ಹಾಕುತ್ತಿದ್ದರು. ಆ ಕಾಲದ ಗುರಿಕಾರರು ಒಂದೇ ಕೇಸನ್ನು ಬೆಂಚಿನ ಪಕ್ಕದಲ್ಲೇ ಮತ್ತೆ ಮತ್ತೆ ತುಂಬಿ ಹೊಡೆಯುತ್ತಿದ್ದರು, ಕೇಸು ಕೇಸಿಗೆ ವ್ಯತ್ಯಾಸ ಎಂಬ ಪ್ರಶ್ನೆಯನ್ನೇ ಹೀಗೆ ಇಲ್ಲವಾಗಿಸಿದ್ದರು. ಬೆಂಚ್‌ರೆಸ್ಟ್ ಅಲ್ಲಿಂದ ಎಷ್ಟು ದೂರ ಬಂತೆಂದರೆ 1973ರಲ್ಲಿ ಮ್ಯಾಕ್ ಮೆಕ್‌ಮಿಲನ್ 100 ಗಜದಲ್ಲಿ ಐದು ಈಡುಗಳನ್ನು 0.009 ಇಂಚಿನೊಳಗೆ ಹಾಯಿಸಿದರು. ಆ ದಾಖಲೆ 2013ರವರೆಗೆ, ನಲವತ್ತು ವರ್ಷ, ಮುರಿಯದೆ ಉಳಿಯಿತು. ಒಂದೇ ಗುಂಪಿನ ಮೇಲೆ ಭರವಸೆ ಇಡಬಾರದೆಂದು ಇಷ್ಟು ಹೊತ್ತು ಹೇಳಿದ ನನಗೂ ಆ ಎರಡು ಗುಂಪುಗಳೆಂದರೆ ಗೌರವವೇ.

ಈಗ ನನ್ನ ಪುಸ್ತಕದಲ್ಲಿ ಪ್ರತಿ ದಿನದ ಎಲ್ಲ ಗುಂಪುಗಳೂ ಇವೆ, ಕೆಟ್ಟವನ್ನು ಬಿಟ್ಟು ಒಳ್ಳೆಯದನ್ನು ಮಾತ್ರ ಬರೆಯುವ ಅಭ್ಯಾಸ ನಿಂತಿದೆ. ಕಳೆದ ಇಪ್ಪತ್ತು ಗುಂಪುಗಳ, ಅಂದರೆ ನೂರು ಈಡುಗಳ, ಸರಾಸರಿ 100 ಗಜದಲ್ಲಿ 0.34 ಇಂಚು. ಅದರಲ್ಲಿ ಅತಿ ಚಿಕ್ಕದು 0.17, ಅತಿ ದೊಡ್ಡದು 0.56. ನಳಿಗೆಯ ಗಂಟಲು (ರೈಫ್ಲಿಂಗ್ ಶುರುವಾಗುವ ಜಾಗ) ಬಿಸಿಗೆ ಸವೆಯುತ್ತಾ ಮುಂದಕ್ಕೆ ಸರಿಯುವುದರಿಂದ, ಮೊನ್ನೆ ಮತ್ತೆ ಮಸಿ ಹಿಡಿಸಿ ನೋಡಿದೆ. ಚೌಕದ ಗುರುತು ಮೊದಲಿನ ಅಳತೆಗಿಂತ 0.004 ಇಂಚು ಮುಂದೆ ಹೋಗಿತ್ತು. ಕೂರಿಸುವ ದಂಡದ ತಿರುಪನ್ನು ಅಷ್ಟೇ ಸಡಿಲಿಸಿ, ಹತ್ತು ತೋಟಾ ಕಟ್ಟಿಟ್ಟಿದ್ದೇನೆ. ಗಾಳಿ ನಿಂತ ಮೊದಲ ಬೆಳಗಿಗೆ ಅವು 200 ಗಜದ ಹಲಗೆಗೆ ಹೋಗುತ್ತವೆ.